ಅಡುಗೆಗೋ, ದೇವರಿಗೋ

ಐನಾಪುರದಿಂದ ರಾಯಬಾಗ ತಾಲೂಕಿನ ಆ ಊರಿಗೆ ಸೊಸೆಯಾಗಿ ಹೋದಾಗ ನಾನು ಮೊದಲು ಹೆದರಿದ್ದು ನನ್ನ ಅತ್ತೆಯ ಅಂಗೈ ನೋಡಿ. ಕಾಮಾಲೆ ಆಗಿದೆಯೇನೋ ಅನ್ನುವಷ್ಟು ಹಳದಿ. ಉಗುರಿನ ಸಂದು, ಕಿವಿಯ ಹಿಂಭಾಗ, ಸೀರೆಯ ಸೆರಗು, ಎಲ್ಲ ಕಡೆ ಅದೇ ಬಣ್ಣ. ಚಿಂಚಲಿಗೆ ಹೋಗುವ ರಸ್ತೆಗೆ ಮುಖ ಮಾಡಿದ್ದ ಆ ಮನೆಯ ಮುಂದಿನ ಖೋಲಿಯಲ್ಲಿ ಖಾರ ಮತ್ತು ಅರಿಶಿಣ ಬೀಸುವ ಸಣ್ಣ ಗಿರಣಿ ಇತ್ತು. ಅದರ ಪಕ್ಕದಲ್ಲೇ ಕಟ್ಟೆಯ ಮೇಲೆ ಎರಡು ಡಬ್ಬಿ. ಸಣ್ಣ ಡಬ್ಬಿಯಲ್ಲಿ ಅಡುಗೆಗೆ ಬಳಸುವ ಅರಿಶಿಣ ಪುಡಿ, ದೊಡ್ಡದರಲ್ಲಿ ದೇವರಿಗೆ ಹೋಗುವ ಭಂಡಾರ.

ಭಂಡಾರ ಅಂದರೆ ನಮ್ಮ ಕಡೆ ಚಿಂಚಲಿಯ ಮಾಯಕ್ಕ ದೇವಿಗೆ ಹರಕೆ ಹೊತ್ತವರು ಹಣೆಗೆ ಹಚ್ಚಿಕೊಂಡು, ಮುಷ್ಟಿ ಮುಷ್ಟಿ ತೂರುವ ಹಳದಿ ಪುಡಿ. ಬರೀ ಅರಿಶಿಣವನ್ನು ಹಾಗೆ ತೂರಿದರೆ ಕಣ್ಣಿಗೆ ಬಿದ್ದು ಉರಿಯುತ್ತದೆ, ಬಡವರಿಗೆ ಅಷ್ಟು ಕೊಳ್ಳಲೂ ಆಗುವುದಿಲ್ಲ. ಅದಕ್ಕೇ ಅತ್ತೆ ಅರಿಶಿಣದ ತುಂಡು ಚೂರುಗಳನ್ನು ಗೋವಿನಜೋಳದ ಹಿಟ್ಟಿನ ಜೊತೆ ಬೀಸುತ್ತಿದ್ದಳು. ಬಣ್ಣ ಬೆರೆಸುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟವಳೂ ಅಲ್ಲ. ಗಿರಾಕಿ ಕಟ್ಟೆಯ ಹತ್ತಿರ ಬಂದು ನಿಂತ ಕೂಡಲೇ ಅವಳ ಮೊದಲ ಪ್ರಶ್ನೆ, "ಅಡಗೀಗೇನ್ರಿ, ದೇವ್ರಿಗೇನ್ರಿ?" ಕುರಿ ಹಿಂಡು ಹೊಡೆದುಕೊಂಡು ವರ್ಷಕ್ಕೊಮ್ಮೆ ಆ ದಾರಿಯಲ್ಲಿ ಹೋಗುವ ಕುರುಬರು ನಮ್ಮಲ್ಲೇ ನಿಂತು ಗಂಟು ಕಟ್ಟಿಸಿಕೊಂಡು ಹೋಗುತ್ತಿದ್ದರು.

ಗಿರಣಿಯನ್ನು ಹಾಕಿದವರು ನನ್ನ ಮಾವ. ನಾನು ಬರುವ ಮೊದಲೇ ಅವರು ತೀರಿಕೊಂಡಿದ್ದರು. ಅವರ ಹೆಸರಿನಲ್ಲಿದ್ದ ಕಾಗದಗಳನ್ನೆಲ್ಲ ಅತ್ತೆಯ ಹೆಸರಿಗೆ ಮಾಡಿಸುವುದಕ್ಕೇ ಒಂದು ವರ್ಷ ಹಿಡಿದಿತ್ತಂತೆ. ಮೋಟಾರಿಗೆ ಒಂದು ಪರವಾನಿಗೆ, ತಿನ್ನುವ ಪದಾರ್ಥ ಮಾರುವುದಕ್ಕೆ ಇನ್ನೊಂದು, ಪಂಚಾಯಿತಿಯದು ಮತ್ತೊಂದು. ತಕ್ಕಡಿ ಕಲ್ಲುಗಳಿಗೆ ವರ್ಷವರ್ಷ ಮುದ್ರೆ ಒತ್ತಿಸಿಕೊಂಡು ಬರಬೇಕು. ಒಮ್ಮೆ ಕಾರ್ಮಿಕರ ಕಚೇರಿಯಿಂದ ಬಂದವರೊಬ್ಬರು, ಇಲ್ಲಿ ಎಷ್ಟು ಜನ ಕೂಲಿಯವರಿದ್ದಾರೆ ಎಂದು ಬರೆದು ಗೋಡೆಗೆ ಹಾಕಿಲ್ಲ ಎಂದು ತಕರಾರು ತೆಗೆದರು. ಕೂಲಿಯವರು ಯಾರೂ ಇಲ್ಲ, ನಾನೊಬ್ಬಳೇ ಎಂದಳು ಅತ್ತೆ. "ಇಲ್ಲ ಅಂತನೂ ಬರದ ಹಾಕಬೇಕ್ರಿ," ಅಂದರು. ಹಾಗೆ ಬರೆದು ಹಾಕಿದವಳು ನಾನೇ. ಚಿಕ್ಕೋಡಿಯ ಕಾಲೇಜಿನಲ್ಲಿ ಪಿಯುಸಿವರೆಗೆ ಓದಿದ್ದರಿಂದ ಆ ಮನೆಯ ಕಾಗದದ ಕೆಲಸವೆಲ್ಲ ಬಂದ ಕೆಲವೇ ತಿಂಗಳಲ್ಲಿ ನನ್ನ ಪಾಲಿಗೆ ಬಿತ್ತು.

ನನ್ನ ಗಂಡ ಸರಕಾರಿ ಸಾಲೆಯ ಮಾಸ್ತರರು. ಮೊದಲು ಸಾಲೆ ಬಿಟ್ಟ ಮೇಲೆ ತಾಯಿಗೆ ಕೈಗೂಡಿಸುತ್ತಿದ್ದರು. ಸರಕಾರಿ ನೌಕರ ವ್ಯಾಪಾರ ಮಾಡುತ್ತಾನೆ ಎಂದು ಯಾರೋ ಅರ್ಜಿ ಗುಜರಾಯಿಸಿ ಅವರಿಗೊಂದು ನೋಟೀಸು ಬಂತು. ಉತ್ತರ ಕೊಟ್ಟು ಹೇಗೋ ಪಾರಾದರು. ಅಂದಿನಿಂದ ಅವರು ಹಿತ್ತಲ ಬಾಗಿಲಿನಿಂದಲೇ ಮನೆಗೆ ಬರುತ್ತಿದ್ದರು. ಅಂಗಡಿಯ ಖೋಲಿಗೆ ಕಾಲಿಡುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಕೈಯಲ್ಲಿ ಚರ್ಮದ ಚೀಲ ಹಿಡಿದ ಒಬ್ಬರು, ಅವರ ಹಿಂದೆ ಒಬ್ಬ ಸಿಪಾಯಿ, ಕಟ್ಟೆಯ ಮುಂದೆ ಬಂದು ನಿಂತರು. ಅತ್ತೆ ಎಂದಿನಂತೆ ಕೇಳಿದಳು. ಅವರು ಉತ್ತರ ಕೊಡದೆ ದೊಡ್ಡ ಡಬ್ಬಿಯತ್ತ ಬೆರಳು ಮಾಡಿದರು.

"ಇದರಾಗಿಂದು ಕೊಡ್ರಿ."

"ಅದು ದೇವರ ಬಂಡಾರ್ರಿ. ಅಡಗೀದು ಈ ಕಡೆ ಐತಿ."

"ಇರಲಿ, ಅದನ್ನ ಕೊಡ್ರಿ."

ಅತ್ತೆ ತೂಗಿ ಪೊಟ್ಟಣ ಕಟ್ಟಿ ಕೊಟ್ಟಳು. ಅವರು ರೊಕ್ಕ ಕೊಟ್ಟು, ಆಮೇಲೆ ಚೀಲದಿಂದ ಮೂರು ಬಾಟಲಿಗಳನ್ನು ತೆಗೆದು ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ತಾವು ಆಹಾರ ಇಲಾಖೆಯ ಇನ್ಸ್‌ಪೆಕ್ಟರ್ ಎಂದು ಹೇಳಿದರು. ಕಲಬೆರಕೆ ಇದೆಯೋ ಇಲ್ಲವೋ ಎಂದು ಪರೀಕ್ಷೆಗೆ ಕಳಿಸಬೇಕು ಎಂದರು. ಎದುರು ಅಂಗಡಿಯ ದರ್ಜಿಯನ್ನು ಸಾಕ್ಷಿಗೆಂದು ಕರೆದರು. ಪುಡಿಯನ್ನು ಮೂರು ಪಾಲು ಮಾಡಿ ಬಾಟಲಿಗಳಿಗೆ ತುಂಬಿ, ದಾರ ಕಟ್ಟಿ, ಅರಗು ಕರಗಿಸಿ ಮುದ್ರೆ ಒತ್ತಿದರು. ಒರಟಾಗಿ ಒಂದು ಮಾತೂ ಆಡಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಕುಡಿಯಲು ನೀರು ಕೇಳಿದರು. ನಾನೇ ತಂದುಕೊಟ್ಟೆ.

ಕೊನೆಗೆ ಒಂದು ಫಾರ್ಮು ಬರೆದು ಅತ್ತೆಯ ಮುಂದೆ ಚಾಚಿದರು. ಅತ್ತೆಗೆ ತನ್ನ ಹೆಸರನ್ನು ಗೀಚಲು ಮಾತ್ರ ಬರುತ್ತಿತ್ತು. ನನ್ನ ಕಡೆ ತಿರುಗಿ, "ಏನ ಬರದಾರ ಓದವಾ," ಅಂದಳು.

ಓದಿದೆ. ಮಾಲಿನ ಹೆಸರಿನ ಮುಂದೆ 'ಅರಿಶಿಣ ಪುಡಿ' ಎಂದು ಬರೆದಿತ್ತು.

"ಸಾಹೇಬ್ರ, ಇದು ಬಂಡಾರ್ರಿ. ಇಲ್ಲಿ ಅರಿಶಿಣ ಅಂತ ಬರದೀರಿ," ಅಂದೆ.

"ಬಂಡಾರ ಅಂತ ಬರ್ಯಾಕ ಬರೂದಿಲ್ಲ, ತಂಗಿ. ನಮ್ಮ ಪಟ್ಟಿಯೊಳಗ ಆ ಹೆಸರ ಇಲ್ಲ. ಅರಿಶಿಣ ಪುಡಿ ಅಷ್ಟ ಐತಿ."

"ಆದ್ರ ಇದು ತಿನ್ನೂದಲ್ಲರಿ."

"ತಿನ್ನೂ ಸಾಮಾನ ಮಾರೂ ಅಂಗಡಿಯೊಳಗ ಐತಿಲ್ಲೊ? ರಿಪೋರ್ಟ್ ಬರಲಿ. ಹೇಳೂದೇನರೆ ಇದ್ರ ಆಮ್ಯಾಲ ಹೇಳ್ರಿ."

ನಾನು ಮನೆಯೊಳಗೆ ನೋಡಿದೆ. ಆ ದಿನ ನನ್ನ ಗಂಡನಿಗೆ ಜ್ವರ. ರಜೆ ಹಾಕಿ ಮನೆಯಲ್ಲೇ ಇದ್ದರು. ಒಳಬಾಗಿಲಿನ ಪರದೆಯ ಕೆಳಗೆ ಅವರ ಪಾದಗಳು ಕಾಣುತ್ತಿದ್ದವು. ಎಲ್ಲ ಕೇಳಿಸಿಕೊಳ್ಳುತ್ತಾ ಅಲ್ಲೇ ನಿಂತಿದ್ದರು. ಇಂಥ ಕಾಗದದ ಭಾಷೆ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಸಹಿ ಮಾಡುವ ಮೊದಲು ಆ ಫಾರ್ಮಿನ ಮೇಲೆಯೇ ನಮ್ಮ ತಕರಾರನ್ನು ಬರೆಯಬಹುದು ಎಂದು ಅವರಿಗೆ ಗೊತ್ತಿತ್ತು. ಮುಂದೆ ವಕೀಲರು ಹೇಳಿದ ಮೇಲೆ ಅದು ನನಗೂ ತಿಳಿಯಿತು. ಪಾದಗಳು ಅಲುಗಲಿಲ್ಲ.

ಅತ್ತೆ ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದಳು.

"ಹಾಕ್ರಿ ಅತ್ತಿ," ಅಂದೆ. "ಮಾಲ ಒಯ್ದಿದ್ದಕ್ಕ ಬರೀ ಪಾವತಿ ಚೀಟಿ ಇದ್ದಂಗ ಐತಿ."

ಅವಳು ಸಹಿ ಹಾಕಿದಳು.

ಕೆಲವು ತಿಂಗಳು ಏನೂ ಬರಲಿಲ್ಲ. ಮರೆತೇಹೋಗಿತ್ತು ಅನ್ನಬೇಕು. ಆಮೇಲೆ ಒಂದು ರಿಪೋರ್ಟು ಅಂಚೆಯಲ್ಲಿ ಬಂತು. ಪರೀಕ್ಷೆಗೆ ಕಳಿಸಿದ ಅರಿಶಿಣದ ಪುಡಿಯಲ್ಲಿ ಬೇರೆ ಧಾನ್ಯದ ಹಿಟ್ಟು ಸೇರಿದೆ, ಆದ್ದರಿಂದ ಅದು ಕಲಬೆರಕೆ ಎಂದು ಅದರಲ್ಲಿತ್ತು. ಅದಾದ ಮೇಲೆ ಪೊಲೀಸನೊಬ್ಬ ಸಮನ್ಸು ಹಿಡಿದುಕೊಂಡು ಮನೆ ಬಾಗಿಲಿಗೆ ಬಂದ. ಓಣಿಯ ಹೆಂಗಸರು ಹೊರಗೆ ಬಂದು ನಿಂತರು. ಅತ್ತೆ ಅಂದು ಗಿರಣಿ ಚಾಲೂ ಮಾಡಲಿಲ್ಲ.

ನಾನೂ ಅತ್ತೆಯೂ ರಾಯಬಾಗಕ್ಕೆ ಹೋಗಿ ಒಬ್ಬ ವಕೀಲರನ್ನು ಕಂಡೆವು. ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಕಾಗದಗಳನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ಇದು ಜುಲ್ಮಾನೆ ಕಟ್ಟಿ ಮನಿಗೆ ಹೋಗೂ ಕೇಸಲ್ಲವಾ. ತಪ್ಪ ಆಗೈತಿ ಅಂತ ಆತಂದ್ರ ಆರ ತಿಂಗಳ ಜೈಲು. ಅದಕ್ಕಿಂತ ಕಡಿಮಿ ಮಾಡೂದು ಭಾಳ ಕಷ್ಟ ಐತಿ."

ಅತ್ತೆ ಕೇಳಿದಳು, "ಅದನ್ನ ತಿಂದು ಯಾರರೆ ಸತ್ತಾರೇನ್ರಿ?"

"ಇಲ್ಲ."

"ಯಾರಿಗರೆ ಹೊಟ್ಟಿ ನೋವ ಬಂದೈತೇನ್ರಿ?"

"ಅದನ್ನ ಕಾಯ್ದೆ ಕೇಳೂದಿಲ್ಲವಾ."

ಇದು ತಿನ್ನುವ ಪದಾರ್ಥವಲ್ಲ ಎಂದು ಯಾವುದಾದರೂ ಕಚೇರಿಯಿಂದ ಒಂದು ಪತ್ರ ಸಿಕ್ಕರೆ ನಮಗೆ ಬಲ ಬರುತ್ತದೆ ಎಂದರು ವಕೀಲರು. ಅದಕ್ಕಾಗಿ ಅತ್ತೆಯನ್ನು ಕರೆದುಕೊಂಡು ಚಿಕ್ಕೋಡಿಗೆ ಹೋದೆ. ಒಂದು ಕಚೇರಿಯಲ್ಲಿ ಇದು ನಮಗೆ ಸಂಬಂಧಿಸಿದ್ದಲ್ಲ ಎಂದರು. ಇನ್ನೊಂದರಲ್ಲಿ ನಾಳೆ ಬನ್ನಿ ಎಂದರು. ಮೂರನೆಯ ಸಲ ಹೋದಾಗ ಒಬ್ಬ ಅಧಿಕಾರಿ ನಮ್ಮನ್ನು ಕೂಡಿಸಿ ಸಮಾಧಾನದಿಂದ ಕೇಳಿಸಿಕೊಂಡರು.

"ತಿನ್ನೂದಲ್ಲ ಅಂದ್ರ ಏನ ಮಾಡ್ತಾರಿದನ್ನ?"

"ಹಣಿಗೆ ಹಚ್ಕೋತಾರ್ರಿ. ಮೈಮ್ಯಾಲ ತೂರ್ತಾರ," ಅಂದೆ.

ಅವರು ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು ಹುಡುಕಿದರು. ಮೈಗೆ ಹಚ್ಚುವ, ತೂರುವ ಪುಡಿಯಾದರೆ ಅದು ಸೌಂದರ್ಯದ ಸಾಮಾನಿನ ಲೆಕ್ಕಕ್ಕೆ ಬರುತ್ತದೆ, ಪೌಡರು, ಸ್ನೋ ಇದ್ದ ಹಾಗೆ ಎಂದರು. ಅದನ್ನು ತಯಾರಿಸಲು ಔಷಧ ಇಲಾಖೆಯ ಪರವಾನಿಗೆ ಬೇಕು. ಓದಿದ ಕೆಮಿಸ್ಟ್ ಒಬ್ಬರನ್ನು ಇಟ್ಟುಕೊಳ್ಳಬೇಕು. ಅದಕ್ಕೆಂದೇ ಬೇರೆ ಖೋಲಿ ಇರಬೇಕು. ಅವರು ಹೇಳಿದ ಅಳತೆಗೆ ನಮ್ಮ ಗಿರಣಿಯನ್ನೂ ಅಡುಗೆಮನೆಯನ್ನೂ ಕೂಡಿಸಿದರೂ ಸಾಲುತ್ತಿರಲಿಲ್ಲ.

"ಚಂದ ಕಾಣಾಕ ಹಚ್ಕೊಳ್ಳೂದಲ್ರಿ ಅದು," ಅತ್ತೆ ಅಂದಳು. "ಹರಕೀಗೆ."

ಅಧಿಕಾರಿ ನಕ್ಕರು. ನಕ್ಕಿದ್ದಕ್ಕೆ ತಮಗೇ ನಾಚಿಕೆಯಾದಂತೆ ಪುಸ್ತಕ ಮುಚ್ಚಿದರು. "ಹರಕೀಗೆ ಅಂತ ಇದರೊಳಗ ಇಲ್ಲವಾ. ನಾ ಪತ್ರ ಕೊಟ್ಟೆ ಅಂದ್ರ, ಲೈಸನ್ಸ್ ಇಲ್ಲದ ಪೌಡರ್ ತಯಾರ ಮಾಡ್ಯಾರ ಅಂತ ನಿಮ್ಮ ಮ್ಯಾಲ ಇನ್ನೊಂದ ಕೇಸ ಹಾಕಬೇಕಾಗ್ತೈತಿ. ಬ್ಯಾಡ. ಮನಿಗೆ ಹೋಗ್ರಿ."

ಆ ದಿನ ಬಸ್ಸಿನಲ್ಲಿ ಅತ್ತೆ ಮಾತಾಡಿದ್ದು ಒಂದೇ ಸಲ. "ತಿಂದ್ರ ಕಲಬೆರಕಿ ಅಂತಾರ. ಹಚ್ಕೊಂಡ್ರ ಲೈಸನ್ಸ್ ಇಲ್ಲ ಅಂತಾರ. ಹಂಗಾರ ನಾ ಇಷ್ಟ ವರ್ಷ ಏನ ಮಾರಿದೆ?"

ಕೇಸು ಆರೇಳು ವರ್ಷ ನಡೆಯಿತು. ನಡೆಯಿತು ಎನ್ನುವುದಕ್ಕಿಂತ ನಿಂತಿತ್ತು ಎನ್ನಬೇಕು. ತಿಂಗಳಿಗೋ ಎರಡು ತಿಂಗಳಿಗೋ ಒಂದು ತಾರೀಖು. ಬೆಳಗಿನ ಬಸ್ಸಿಗೆ ಹೋಗಿ ಕೋರ್ಟಿನ ವರಾಂಡದಲ್ಲಿ ಕೂಡುವುದು, ಹೆಸರು ಕೂಗಿದಾಗ ಅತ್ತೆ ಒಳಗೆ ಹೋಗಿ ಕೈಮುಗಿದು ನಿಲ್ಲುವುದು, ಇನ್ನೊಂದು ತಾರೀಖು ಕೇಳಿಕೊಂಡು ಬರುವುದು. ಒಮ್ಮೆ ಸಾಕ್ಷಿ ಬಂದಿಲ್ಲ. ಒಮ್ಮೆ ಸರಕಾರಿ ವಕೀಲರು ಬದಲಾದರು. ಒಮ್ಮೆ ನ್ಯಾಯಾಧೀಶರಿಗೆ ವರ್ಗವಾಗಿ, ಹೊಸಬರು ಬರುವವರೆಗೆ ಏನೂ ಇಲ್ಲ. ಈ ನಡುವೆ ನನಗೆ ಎರಡು ಮಕ್ಕಳಾದವು. ದೊಡ್ಡವಳು ನಡೆಯಲು ಕಲಿತದ್ದು ಆ ವರಾಂಡದಲ್ಲೇ ಎಂದರೂ ತಪ್ಪಲ್ಲ.

ಕೇಸು ಇರುವಾಗ ಆಹಾರದ ಪರವಾನಿಗೆ ಮುಂದುವರಿಸಲು ಬರುವುದಿಲ್ಲ ಎಂದು ಕಚೇರಿಯವರು ಹೇಳಿದ್ದರಿಂದ ಅತ್ತೆ ಎರಡೂ ಡಬ್ಬಿಗಳನ್ನು ತೆಗೆದಳು. ಜನ ತಾವೇ ತಂದ ಮೆಣಸಿನಕಾಯಿ, ಅರಿಶಿಣವನ್ನು ಬೀಸಿ ಕೊಡುವುದಷ್ಟೇ ಉಳಿಯಿತು. ಭಂಡಾರ ಕೇಳಿಕೊಂಡು ಬಂದ ಕುರುಬರಿಗೆ ಇಲ್ಲ ಎಂದು ಹೇಳುವಾಗ ಅವಳು ಅವರ ಮುಖ ನೋಡುತ್ತಿರಲಿಲ್ಲ. ಅವರು ಮುಂದೆ ಹೋಗಿ ರಸ್ತೆ ಬದಿ ಗೋಣಿಚೀಲ ಬಿಚ್ಚಿಕೊಂಡು ಕೂತವರ ಹತ್ತಿರ ಕೊಳ್ಳುತ್ತಿದ್ದರು. ಆ ಪುಡಿಯಲ್ಲಿ ಅರಿಶಿಣದ ವಾಸನೆಯೇ ಇರುತ್ತಿರಲಿಲ್ಲ. ಕೈಗೆ ಹತ್ತಿದರೆ ಸಬಕಾರದಿಂದ ತಿಕ್ಕಿದರೂ ಹೋಗದಂಥ ಬಣ್ಣ. ಆ ಮಾರಾಟಗಾರರಿಗೆ ಅಂಗಡಿ ಇರಲಿಲ್ಲ, ಬೋರ್ಡು ಇರಲಿಲ್ಲ, ಪರವಾನಿಗೆ ಇರಲಿಲ್ಲ. ಆದ್ದರಿಂದ ಅವರನ್ನು ಹುಡುಕಿಕೊಂಡು ಯಾರೂ ಬರುತ್ತಲೂ ಇರಲಿಲ್ಲ.

ಒಂದು ತಾರೀಖಿಗೆ ಆ ಇನ್ಸ್‌ಪೆಕ್ಟರ್ ಬಂದರು. ಅವರಿಗೆ ದೂರದ ಜಿಲ್ಲೆಗೆ ವರ್ಗವಾಗಿತ್ತು, ಸಾಕ್ಷಿ ಹೇಳಲು ಹಿಂದಿನ ದಿನವೇ ಹೊರಟು ಬಂದಿದ್ದರು. ವರಾಂಡದಲ್ಲಿ ಬೇರೆ ಜಾಗವಿಲ್ಲದೆ ನಾವು ಕೂತಿದ್ದ ಬಾಕಿನ ಮೇಲೆಯೇ ಕೂತರು. ತಲೆ ಅರ್ಧ ಬೆಳ್ಳಗಾಗಿತ್ತು. ಮಧ್ಯಾಹ್ನವಾದರೂ ಹೆಸರು ಕೂಗಲಿಲ್ಲ. ಅತ್ತೆ ಬುತ್ತಿ ಬಿಚ್ಚಿ, ನನಗೊಂದು ರೊಟ್ಟಿ ಕೊಟ್ಟು, ಅವರ ಮುಂದೆಯೂ ಒಂದು ರೊಟ್ಟಿ, ಶೇಂಗಾ ಹಿಂಡಿ ಇಟ್ಟಳು.

ಅವರು ಬೇಡ ಎಂದರು. ಆಮೇಲೆ ತೆಗೆದುಕೊಂಡರು.

"ಅವ್ವಾರ, ನಿಮ್ಮ ಮ್ಯಾಲ ನನಗ ಸಿಟ್ಟ ಇರಲಿಲ್ಲ," ಅಂದರು ರೊಟ್ಟಿ ಮುರಿಯುತ್ತಾ. "ತಿಂಗಳಿಗೆ ಇಷ್ಟ ಬಾಟಲಿ ಕಳಿಸಬೇಕು ಅಂತ ಇರ್ತೈತ್ರಿ ನಮಗ. ಆವತ್ತ ತಿಂಗಳ ಕಡೀ ದಿನ, ಒಂದ ಕಡಿಮಿ ಬಿದ್ದಿತ್ತು. ಮೊದಲ ಸಿಕ್ಕ ಬಸ್ಸು ನಿಮ್ಮ ಊರಿಗೆ ಹೊಂಟಿತ್ತು."

"ನೀರ ಕುಡೀರಿ," ಎಂದು ಅತ್ತೆ ತಂಬಿಗೆ ಮುಂದೆ ಸರಿಸಿದಳು. ನಾನು ಮಾತ್ರ ನನ್ನ ರೊಟ್ಟಿಯನ್ನು ಬುತ್ತಿಗೇ ವಾಪಸು ಇಟ್ಟೆ. ದ್ವೇಷದಿಂದಲೋ ಲಂಚದ ಆಸೆಯಿಂದಲೋ ಮಾಡಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಬಸ್ಸು ನಮ್ಮ ಊರಿಗೆ ಹೊರಟಿದ್ದಕ್ಕೆ ಯಾರನ್ನು ಬೈಯುವುದು?

ಮರುವರ್ಷ ನಮ್ಮ ಕಡೆಯ ಸಾಕ್ಷಿಯಾಗಿ ನನ್ನನ್ನು ನಿಲ್ಲಿಸಿದರು. ಇದು ಭಂಡಾರ ಎಂದು ಅತ್ತೆಯೂ ನಾನೂ ಆಗಲೇ ಹೇಳಿದ್ದೆವು ಎಂಬುದನ್ನು ನಾನು ಹೇಳಬೇಕಿತ್ತು. ಹಿಂದಿನ ದಿನ ಸಂಜೆ ಗಂಡ ನನ್ನ ಹತ್ತಿರ ಬಂದು ಕೂತರು.

"ಆವತ್ತ ನಾ ಮನಿಯಾಗ ಇದ್ನಿ ಅಂತ ಹೇಳಬ್ಯಾಡ," ಅಂದರು. "ಹಳೇ ನೋಟೀಸು ಮತ್ತ ತಗೀತಾರ. ನೌಕರಿ ಹೋತಂದ್ರ ಎಲ್ಲಾರೂ ಏನ ತಿನ್ನೂದು?"

ನಾನು ಎದ್ದು ಹೋಗಿ ಮರುದಿನದ ಬುತ್ತಿಗೆ ಹಿಟ್ಟು ನಾದತೊಡಗಿದೆ.

ಸಾಕ್ಷಿಕಟ್ಟೆಯಲ್ಲಿ ನಿಜವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿದೆ. ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಸರಕಾರಿ ವಕೀಲರು ಎದ್ದುನಿಂತು, ಫಾರ್ಮನ್ನು ಓದಿದವರು ನೀವೇ ಅಲ್ಲವೇ, ಸಹಿ ಮಾಡಲು ಹೇಳಿದವರೂ ನೀವೇ ಅಲ್ಲವೇ ಎಂದು ಕೇಳಿದರು. ಹೌದು ಎಂದೆ.

"ಆ ಹೊತ್ತಿನಲ್ಲಿ ಮನೆಯಲ್ಲಿ ಓದು ಬರಹ ಬಲ್ಲ ಬೇರೆ ಯಾರಾದರೂ ಇದ್ದರೇ?"

ಅತ್ತೆ ಆರೋಪಿಯ ಜಾಗದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳು ತಲೆ ಅಲ್ಲಾಡಿಸಲಿಲ್ಲ, ಕಣ್ಣನ್ನು ಮಾತ್ರ ಮೆಲ್ಲಗೆ ಮುಚ್ಚಿ ತೆರೆದಳು.

"ಯಾರೂ ಇರಲಿಲ್ರಿ," ಅಂದೆ.

ಟೈಪಿನ ಸಪ್ಪಳವಾಯಿತು. ಆ ಕೇಸಿನಲ್ಲಿ ನಮ್ಮ ಕಡೆಯಿಂದ ದಾಖಲಾದ ಸುಳ್ಳು ಅದೊಂದೇ, ಅದು ನನ್ನದು.

ಊರಿಗೆ ವಾಪಸಾಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಅಂದಳು, "ಅದನ್ನ ಮನಸ್ಸಿಗೆ ಹಚ್ಕೋಬ್ಯಾಡ. ಹೇಳಿಸಿದಾಕಿ ನಾನು. ಪಾಪ ನನ್ನ ಲೆಕ್ಕಕ್ಕ."

ಹಾಗೆ ಅಂದುಬಿಟ್ಟರೆ ಪಾಪ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆಯೇ ಎಂದು ನನಗೆ ಗೊತ್ತಿಲ್ಲ. ಮನೆಗೆ ಬಂದಾಗ ಗಂಡ ಏನಾಯಿತು ಎಂದು ಕೇಳಿದರು. "ನಿಮ್ಮ ಹೆಸರ ಬರಲಿಲ್ಲ," ಅಂದೆ. ಅವರು ಆ ಉತ್ತರಕ್ಕೇ ಸಮಾಧಾನಪಟ್ಟು ಚಹಾ ಕೇಳಿದರು. ನಾನು ಬಹಳ ದಿನ ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಕಾರಣ ಅವರಿಗೂ ಗೊತ್ತಿತ್ತು, ಅವರೂ ಕೇಳಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ತೀರ್ಪು ಬಂತು. ಬಿಡುಗಡೆ. ವಕೀಲರು ಹೊರಗೆ ಬಂದು ನಗುತ್ತಾ ಹೇಳಿದರು. ಅತ್ತೆಗೆ ಒಂದೇ ಮಾತು ಬೇಕಾಗಿತ್ತು.

"ಬಂಡಾರ ಅರಿಶಿಣ ಅಲ್ಲ ಅಂತ ಒಪ್ಪಿದ್ರೇನ್ರಿ?"

"ಆ ಪ್ರಶ್ನೆಗೆ ಹೋಗಲೇ ಇಲ್ಲವಾ. ಪುಡಿ ತುಂಬೂ ಮೊದಲ ಬಾಟಲಿ ಒಣಾ ಇತ್ತು, ಸ್ವಚ್ಛ ಇತ್ತು ಅಂತ ಇನ್ಸ್‌ಪೆಕ್ಟರ್ ಎಲ್ಲೂ ಬರದಿಲ್ಲ. ಆ ಸಂಶಯದ ಮ್ಯಾಲ ಬಿಟ್ಟಾರ."

"ಹಂಗಾರ ನಾ ಕಲಬೆರಕಿ ಮಾಡಿಲ್ಲ ಅಂತ ಹೇಳಿಲ್ಲ."

"ಬಿಟ್ಟಾರಲ್ಲವಾ, ಮತ್ತೇನ ಬೇಕು?"

ಅತ್ತೆ ಅವರಿಗೆ ಕೈಮುಗಿದಳು. ಮುಖದಲ್ಲಿ ಸಂತೋಷ ಇರಲಿಲ್ಲ. ಊರಿನಲ್ಲಿ ಕೆಲವರು, ಬಾಟಲಿಯ ದೆಸೆಯಿಂದ ಪಾರಾದಳು ಎಂದು ಆಡಿಕೊಂಡದ್ದು ಅವಳ ಕಿವಿಗೂ ಬಿತ್ತು.

ನನಗೆ ಹಟ ಬಂದಿತ್ತು. ತೀರ್ಪಿನ ನಕಲು ತೆಗೆಸಿ, ಪರವಾನಿಗೆಯ ಹೊಸ ಅರ್ಜಿ ತಂದು, ಎಲ್ಲ ತುಂಬಿ ಅವಳ ಮುಂದೆ ಇಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.

"ಒಂದೊಂದ ಸಾಲೂ ಓದಿ ಹೇಳ್ತೇನ್ರಿ ಅತ್ತಿ," ಅಂದೆ.

"ನೀ ಓದೂದ್ರಾಗ ತಪ್ಪಿಲ್ಲವಾ," ಅಂದಳು. "ಬರದವರು ಏನ ತಿಳ್ಕೊಂಡ ಬರದಾರ ಅನ್ನೂದು ನಿನಗೂ ತಿಳ್ಯಾಂಗಿಲ್ಲ, ನನಗೂ ತಿಳ್ಯಾಂಗಿಲ್ಲ. ಸಾಕ ಮಾಡೂಣು."

ಗಿರಣಿಯನ್ನು ಅಥಣಿ ಕಡೆಯ ಒಬ್ಬರು ಬಂದು ಒಯ್ದರು. ನೆಲಕ್ಕೆ ಬಿಗಿದಿದ್ದ ಬೋಲ್ಟುಗಳು ತುಕ್ಕು ಹಿಡಿದಿದ್ದರಿಂದ ಬಿಚ್ಚುವುದಕ್ಕೆ ಅರ್ಧ ದಿನ ಬೇಕಾಯಿತು. ಅತ್ತೆ ಅವರಿಗೆ ಬೀಸುವ ಕಲ್ಲನ್ನು ಯಾವಾಗ ಕೊಚ್ಚಿಸಬೇಕು, ಮೋಟಾರಿನ ಪಟ್ಟಾ ಎಷ್ಟು ಬಿಗಿ ಇರಬೇಕು ಎಂದೆಲ್ಲ ಹೇಳಿಕೊಟ್ಟಳು. ಗಾಡಿ ಹೊರಟ ಮೇಲೆ ಆ ಖೋಲಿಯನ್ನು ಎರಡು ಸಲ ಸಾರಿಸಿದಳು. ಆಮೇಲೆ ಒಂದು ಎಮ್ಮೆ ಕಟ್ಟಿದಳು. ಹಾಲನ್ನು ಮನೆಗೆ ಬಳಸಿ ಉಳಿದದ್ದನ್ನು ನೆರೆಯವರಿಗೆ ಕೊಡುತ್ತಿದ್ದಳು. ಯಾರಾದರೂ ದುಡ್ಡು ಕೊಡಲು ಬಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಮಾರಿದರೆ ಅದಕ್ಕೂ ಏನಾದರೂ ಕಾಯ್ದೆ ಇರುತ್ತದೆ ಅನ್ನುತ್ತಿದ್ದಳು. ಅವಳು ತಮಾಷೆಗೆ ಹೇಳುತ್ತಾಳೋ ನಿಜವಾಗಿ ಹೆದರಿದ್ದಾಳೋ ಎಂದು ತಿಳಿಯುತ್ತಿರಲಿಲ್ಲ. ಹೀಗೇ ನಾಲ್ಕು ವರ್ಷ ಕಳೆದು ಒಂದು ಚಳಿಗಾಲದಲ್ಲಿ ತೀರಿಕೊಂಡಳು.

ಖಾಲಿಯಾದ ಆ ಖೋಲಿಯಲ್ಲಿ ನಾನು ಹೊಲಿಗೆ ಯಂತ್ರ ಹಾಕಿಕೊಂಡೆ. ಕುಪ್ಪಸ, ಲಂಗ, ಸಾಲೆಯ ಮಕ್ಕಳ ಬಟ್ಟೆ ಹೊಲಿಯುತ್ತೇನೆ. ಕೆಲಸ ಚೆನ್ನಾಗಿಯೇ ಬರುತ್ತದೆ. ಮಗಳು ಬೋರ್ಡು ಬರೆಸೋಣ ಎನ್ನುತ್ತಾಳೆ. ರಸ್ತೆಯ ಕಡೆಯ ಬಾಗಿಲು ತೆರೆದರೆ ಇನ್ನೂ ಗಿರಾಕಿಗಳು ಬರುತ್ತಾರೆ ಎಂದು ಗಂಡನೂ ಹೇಳುತ್ತಾರೆ. ಅವರಿಗೆ ಈಗ ನಿವೃತ್ತಿಯಾಗಿದೆ, ಹೆದರುವ ಕಾರಣವಿಲ್ಲ. ನಾನು ಹೂಂ ಎನ್ನುತ್ತೇನೆ, ಮಾಡುವುದಿಲ್ಲ. ಓಣಿಯ ಹೆಂಗಸರು ಹಿತ್ತಲ ಬಾಗಿಲಿನಿಂದ ಬಂದು ಅಳತೆ ಕೊಟ್ಟು ಹೋಗುತ್ತಾರೆ. ಗುರುತಿಲ್ಲದವರು ಯಾರಾದರೂ ಕೈಯಲ್ಲಿ ಚೀಲ ಹಿಡಿದು ಮನೆಗಳ ಬಾಗಿಲು ನೋಡುತ್ತಾ ಬರುವುದು ಕಿಟಕಿಯಲ್ಲಿ ಕಂಡರೆ, ನನ್ನ ಕಾಲು ತಾನಾಗಿ ತುಳಿಯುವುದನ್ನು ನಿಲ್ಲಿಸುತ್ತದೆ. ಅವರು ದಾಟಿ ಹೋಗುವವರೆಗೆ ಸೂಜಿಯ ಕೆಳಗಿನ ಬಟ್ಟೆಯನ್ನು ಹಿಡಿದುಕೊಂಡು ಕೂತಿರುತ್ತೇನೆ.